ಮಗಳ ಬೆನ್ನಿನ ಫೋಟೋ: ಆರನೇ ತಿಂಗಳ ಟಿಪ್ಪಣಿ

ಮಗಳ ಬೆನ್ನುಮೂಳೆಯ ಬಾಗನ್ನು ಮನೆಯಲ್ಲೇ ಫೋಟೋ ತೆಗೆದು ಗಮನಿಸುವ ಕೆಲಸ ಈ ತಿಂಗಳು ಮುಂದೆ ಹೋಗಲಿಲ್ಲ. ಹಳೆಯ ತಪ್ಪು ಹುಡುಕುವುದರಲ್ಲೇ ಮೂರು ವಾರ ಕಳೆಯಿತು. ಆದರೂ ಇದೇ ಈವರೆಗಿನ ಒಳ್ಳೆಯ ತಿಂಗಳು.

ಮಗಳಿಗೆ 13. ಎಕ್ಸ್-ರೇಯಲ್ಲಿ ಕಾಬ್ ಕೋನ, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಎಷ್ಟು ಬಾಗಿದೆ ಎಂಬ ಅಳತೆ, 17 ಡಿಗ್ರಿ. 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಬ್ರೇಸ್ (ಬೆನ್ನಿಗೆ ಆಸರೆಯಾಗಿ ಮೈಗೆ ಕಟ್ಟುವ ಕವಚ) ಮಾತು ಸಾಮಾನ್ಯವಾಗಿ 25ರ ಹತ್ತಿರ ಬರುತ್ತದೆ. ಸದ್ಯಕ್ಕೆ ಕಾದು ನೋಡಬೇಕು ಅಷ್ಟೆ. ಆದರೆ ಸರಸರ ಎತ್ತರ ಬೆಳೆಯುವ ವಯಸ್ಸಿನಲ್ಲೇ ಬಾಗು ಹೆಚ್ಚಾಗುವ ಭಯ ಜಾಸ್ತಿ. ಪದೇ ಪದೇ ಎಕ್ಸ್-ರೇ ಬೇಡ. ಅದಕ್ಕೇ ನಡುವಿನ ತಿಂಗಳುಗಳಿಗೆ ಈ ಫೋಟೋ.

ಕಳೆದ ತಿಂಗಳ ಫೋಟೋದಲ್ಲಿ ಬಲ ಸೊಂಟದ ತಗ್ಗು ಆಳವಾಗಿ ಕಂಡಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಅದೇ ಫೋಟೋದಲ್ಲಿ ಪಾದ ನೋಡಿದೆ. ಒಂದು ಪಾದ ಎರಡು ಬೆರಳಿನಷ್ಟು ಮುಂದಿತ್ತು. ಅನುಮಾನ ಬಂದು ನಾನೇ ಕ್ಯಾಮೆರಾ ಮುಂದೆ ನಿಂತು, ಮೈಯನ್ನು ಬೇಕೆಂದೇ ಸ್ವಲ್ಪ ತಿರುಗಿಸಿದೆ. ನನ್ನ ನೆಟ್ಟಗಿನ ಬೆನ್ನಲ್ಲೂ ಒಂದು ಕಡೆ ತಗ್ಗು ಕಂಡಿತು!

ಈಗ ರಟ್ಟಿನ ಮೇಲೆ ಅವಳ ಪಾದದ ಗುರುತು ಬರೆದಿದ್ದೇನೆ. ಕ್ಯಾಮೆರಾ ಸ್ಟ್ಯಾಂಡ್ ಮೇಲೆ, ಮೂರು ಮೀಟರ್ ದೂರ, ಬೆನ್ನಿನ ನಡುಮಟ್ಟಕ್ಕೆ. ಪಕ್ಕದಲ್ಲಿ ಭಾರ ಕಟ್ಟಿದ ದಾರ ಇಳಿಬಿಟ್ಟಿದ್ದೇನೆ, ನೇರ ಯಾವುದು ಅಂತ ಅದೇ ಹೇಳುತ್ತದೆ.

ಒಂದೇ ಸಂಜೆ ಹತ್ತು ಫೋಟೋ ತೆಗೆದೆವು. ಪ್ರತಿ ಸಲ ಅವಳು ಓಡಾಡಿ ಬಂದು ನಿಂತಳು. ಭುಜದ ಗೆರೆಯ ಓರೆ 1ರಿಂದ 3 ಡಿಗ್ರಿವರೆಗೆ ಬದಲಾಯಿತು. ಅಂದರೆ ಹಿಂದೆ ನಾನು ಕೆಂಪು ಗುರುತು ಹಾಕಿದ್ದ 2 ಡಿಗ್ರಿ ಹೆಚ್ಚಳ ಬದಲಾವಣೆಯೇ ಅಲ್ಲ. ಎಕ್ಸ್-ರೇ ಅಳತೆಯಲ್ಲೂ ಸುಮಾರು 5 ಡಿಗ್ರಿ ಆಚೀಚೆ ಆಗುತ್ತದೆ ಅಲ್ವಾ. ಇನ್ನು ಮುಂದೆ ಐದು ಫೋಟೋಗಳ ಸರಾಸರಿಯನ್ನೇ ಬರೆದಿಡುತ್ತೇನೆ.

ಫೋಟೋದಿಂದ ಕಾಬ್ ಕೋನ ತೆಗೆಯುವ ಆಸೆಯನ್ನೂ ಬಿಟ್ಟೆ. ಈ ಕಾಯಿಲೆಯಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ಬೆನ್ನು ಸವರಿದಾಗ ನಮ್ಮ ಕೈಗೆ ಸಿಗುವ ಮೂಳೆಯ ಗಂಟುಗಳು ಬಾಗಿನ ಒಳಮಗ್ಗುಲಿಗೆ ಹೊರಳುತ್ತವೆ. ಹಾಗಾಗಿ ಚರ್ಮದ ಮೇಲೆ ಚುಕ್ಕೆ ಇಟ್ಟು ಎಳೆದ ಗೆರೆ, ಒಳಗಿನ ಮೂಳೆಗಿಂತ ನೆಟ್ಟಗೆ ಕಾಣುತ್ತದೆ. ಸುಮ್ನೆ ಗೆರೆ ನಂಬಿ ಸಮಾಧಾನಪಟ್ಟರೆ ಮೋಸ ಹೋಗುತ್ತೇವೆ.

ಆ ತಿರುಚು ಚೆನ್ನಾಗಿ ಕಾಣುವುದು ಮುಂದಕ್ಕೆ ಬಗ್ಗಿದಾಗ. 1865ರಲ್ಲಿ ಇಂಗ್ಲಿಷ್ ಶಸ್ತ್ರವೈದ್ಯ ವಿಲಿಯಂ ಆಡಮ್ಸ್ ವಿವರಿಸಿದ ಪರೀಕ್ಷೆ ಇದು. ಕಾಲು ನೆಟ್ಟಗಿಟ್ಟು, ಅಂಗೈ ಜೋಡಿಸಿ ಬಗ್ಗಬೇಕು. ಒಂದು ಕಡೆಯ ಪಕ್ಕೆಲುಬು ಉಬ್ಬುತ್ತದೆ. ಹಿಂದಿನಿಂದ, ಬೆನ್ನಿನ ಮಟ್ಟದಲ್ಲೇ ತೆಗೆದ ಫೋಟೋದಲ್ಲಿ ಓರೆ 5 ಡಿಗ್ರಿ ಬಂತು. ಇದೇ ಓರೆ ಅಳೆಯುವ ಡಾಕ್ಟರ ಸಾಧನ, ಸ್ಕೋಲಿಯೋಮೀಟರ್, 6 ತೋರಿಸಿತ್ತು. ಒಂದೇ ಸಲದ ಹೋಲಿಕೆ, ಆದರೂ ಖುಷಿಯಾಯಿತು.

ಫೋಟೋಗಳಲ್ಲಿ ಮುಖವಿಲ್ಲ. ಎಲ್ಲವೂ ನೆಟ್‌ಗೆ ಸೇರಿಸದ ಒಂದೇ ಡ್ರೈವ್‌ನಲ್ಲಿವೆ. ಪ್ರತಿ ಸಲ ಅವಳನ್ನು ಕೇಳಿಯೇ ತೆಗೆಯುತ್ತೇನೆ. ಮೊನ್ನೆ "ಇವತ್ತು ಬೇಡಪ್ಪಾ" ಎಂದಳು. ತೆಗೆಯಲಿಲ್ಲ.

ಎರಡು ವಾರದಲ್ಲಿ ಎಕ್ಸ್-ರೇ ಇದೆ. ಹಿಂದಿನ ದಿನವೇ ಐದು ಫೋಟೋ ತೆಗೆದು, ಅಳತೆ ಬರೆದಿಟ್ಟು, ಆಮೇಲೆ ಡಾಕ್ಟರ ಲೆಕ್ಕ ನೋಡುತ್ತೇನೆ.