ಆಸರಿಂಗೆ ಕೊಟ್ಟ ನೀರು ಎಲ್ಲಿಯದು?

ಕಾಸರಗೋಡಿನ ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆ ಹವ್ಯಕರ ತೋಟದ ಮನೆಗೆ ಹೋದರೆ ಜಗಲಿಯಲ್ಲಿ ಕೂತ ಕೂಡಲೇ ಬರುವ ಪ್ರಶ್ನೆ, 'ಆಸರಿಂಗೆ ಬೇಕಾ?' ಬಾಯಾರಿಕೆಗೆ ಏನಾದರೂ ಬೇಕಾ ಅಂತ. ಚಾ ಆಮೇಲೆ, ಮೊದಲು ತಂಬಿಗೆಯಲ್ಲಿ ನೀರು, ಪಕ್ಕದಲ್ಲಿ ಬೆಲ್ಲದ ತುಂಡು. ನಾಲ್ಕು ದಿನ ಉಳಿಯುವವರು ತಿಂಡಿಯ ಹೆಸರು ಕಲಿಯುವ ಮೊದಲು ಈ ನೀರು ಎಲ್ಲಿಯದೆಂದು ಕೇಳಬೇಕು. ಹಳೆಯ ಮನೆಯಾದರೆ ಯಜಮಾನರು ತೋಟದ ಮೇಲಿನ ಗುಡ್ಡದ ಕಡೆ ಕೈ ತೋರಿಸುವ ಸಂಭವ ಹೆಚ್ಚು: ಸುರಂಗ.

ಸುರಂಗವೆಂದರೆ ಅಡ್ಡ ಬಾವಿ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗುಡ್ಡ ಮಳೆನೀರನ್ನು ಹೀರಿಕೊಳ್ಳುತ್ತದೆ. ಅಡಿಯ ಸೇಡಿಮಣ್ಣು, ಅಂದರೆ ಜೇಡಿಯಂಥ ಮಣ್ಣು, ಅದನ್ನು ಸುಲಭದಲ್ಲಿ ಕೆಳಗೆ ಬಿಡುವುದಿಲ್ಲ. ಆ ನೀರು ಸಿಗುವವರೆಗೆ ಒಬ್ಬ ಮನುಷ್ಯ ನಿಂತು ಕೊರೆಯುವಷ್ಟು ಎತ್ತರಕ್ಕೆ, ಭುಜ ಹಿಡಿಸುವಷ್ಟು ಅಗಲಕ್ಕೆ ಪಿಕ್ಕಾಸಿನಲ್ಲಿ ಅಗೆದುಕೊಂಡು ಹೋಗುತ್ತಾರೆ. ಉದ್ದದ ಲೆಕ್ಕ ಕೋಲಿನಲ್ಲಿ. ಒಂದು ಕೋಲೆಂದರೆ ಸುಮಾರು 72 ಸೆಂಟಿಮೀಟರ್. ನೆಲ ಬಾಯಿಯ ಕಡೆಗೆ ತುಸು ಇಳಿಜಾರು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಬಂದು ಟಾಂಕಿಗೆ ಬೀಳುತ್ತದೆ. ಹಿಂದೆ ಅಡಿಕೆ ಮರ ಸೀಳಿದ ದಂಬೆಯಲ್ಲಿ ಹಾಯಿಸುತ್ತಿದ್ದರು, ಈಗ ಪೈಪು.

ಅಗೆಯುವಾಗ ಮೇಣದಬತ್ತಿ ಬೆಳಕಿಗೆ ಮಾತ್ರ ಅಲ್ಲ. ಅದು ಮಂಕಾದರೆ ಒಳಗೆ ಗಾಳಿ ಸಾಲದು, ಹೊರಗೆ ಬರಲೇಬೇಕು. ತೀರಾ ಉದ್ದವಾದರೆ ಗಾಳಿಗಾಗಿ ಮೇಲಿನಿಂದ ಕಂಡಿ ಕೊರೆಯುತ್ತಾರೆ. ಮಣ್ಣು ಮೆತ್ತಗಿದ್ದಲ್ಲಿ ಜರಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ನೋಡುವ ಆಸೆಯಿದ್ದರೆ ಬೇಸಿಗೆಯಲ್ಲಿ, ಮನೆಯವರೇ ಮುಂದೆ ನಡೆದರೆ ಮಾತ್ರ ಒಳಗೆ ಹೋಗಿ. ಬಾವಲಿ ಸೇರಿಕೊಂಡಿದ್ದರೆ ಹಿಕ್ಕೆ ನೀರಿಗೆ ಬೀಳುತ್ತದೆ. ಅದಕ್ಕೇ ಬಾಯಿಗೆ ಬಲೆ ಕಟ್ಟುವುದು, ಕುಡಿಯುವ ನೀರು ಕುದಿಸುವುದು.

ಈಗ ಲೆಕ್ಕ. ಪೈಪಿನಡಿ 10 ಲೀಟರಿನ ಬಾಲ್ದಿ ಇಟ್ಟು ಗಡಿಯಾರ ನೋಡಿ. ಜನವರಿಯಲ್ಲಿ 100 ಸೆಕೆಂಡಿಗೆ ತುಂಬಿತು ಅನ್ನೋಣ, ದಿನಕ್ಕೆ 8,640 ಲೀಟರ್ ಆಯಿತು. ಏಪ್ರಿಲಿನಲ್ಲಿ ಅದೇ ಬಾಲ್ದಿಗೆ 250 ಸೆಕೆಂಡು ಬೇಕಾದರೆ 3,456 ಲೀಟರಿಗೆ ಇಳಿಯಿತು. ಹನಿ ನೀರಾವರಿಯಲ್ಲೂ ಬೇಸಿಗೆಗೆ ಒಂದು ಅಡಿಕೆ ಮರ ದಿನಕ್ಕೆ 16ರಿಂದ 20 ಲೀಟರ್ ಕೇಳುತ್ತದೆ. ಅಂದರೆ ಎಲ್ಲ ನೀರನ್ನೂ ತೋಟಕ್ಕೇ ಬಿಟ್ಟರೂ 20ರ ಲೆಕ್ಕದಲ್ಲಿ 170 ಚಿಲ್ಲರೆ ಮರ. ದನಗಳಿಗೆ, ಅಡಿಗೆಗೆ ಬೇರೆ ಬೇಕು. ನಿಮಿಷಕ್ಕೆ 10 ಲೀಟರ್ ಸುರಿಯುವ ಶವರಿನಡಿ ಹತ್ತು ನಿಮಿಷ ನಿಂತವರು ಐದು ಮರಗಳ ಆ ದಿನದ ಪಾಲು ಮುಗಿಸಿದ ಹಾಗೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ಕಷ್ಟ.

ಹಂಡೆಯ ಬಚ್ಚಲು ಇದ್ದರೆ ಅಲ್ಲೇ ಸ್ನಾನ ಮಾಡಿ. ಸೋಗೆ, ಮಡಲು, ಅಡಿಕೆ ಸಿಪ್ಪೆಯ ಬೆಂಕಿ. ಕೊಡಪಾನದಿಂದ ತಣ್ಣೀರು ಬೆರೆಸಿ ಎರಡು ಬಾಲ್ದಿ ಧಾರಾಳ ಸಾಕು. ಬಚ್ಚಲ ನೀರು ಬಾಳೆಬುಡಕ್ಕೋ ತೆಂಗಿನ ಬುಡಕ್ಕೋ ಹೋಗುವುದುಂಟು, ಸಾಬೂನು ಹಿತಮಿತವಾಗಿರಲಿ. ಟಾಂಕಿ ತುಂಬುವುದು ರಾತ್ರಿಯಿಡೀ. ಬಟ್ಟೆ ಒಗೆಯುವುದಿದ್ದರೆ ಸಂಜೆ ಬೇಡ, ಬೆಳಗ್ಗೆ ಕೇಳಿಕೊಂಡು ಒಗೆಯಿರಿ.

ಅಂಗಳದಲ್ಲಿ ಅಡಿಕೆ ಒಣಹಾಕಿದ್ದರೆ ನಡುವೆ ನಡೆಯಬೇಡಿ, ಅಂಚಿನಲ್ಲಿ ದಾರಿ ಇರುತ್ತದೆ. ಚಾಲಿಗೆ, ಅಂದರೆ ಹಣ್ಣಡಿಕೆ ಒಣಗಿಸಿ ಸುಲಿಯುವ ಅಡಿಕೆಗೆ, ನಲವತ್ತು ದಿನಕ್ಕೂ ಮಿಕ್ಕಿ ಬಿಸಿಲು ಬೇಕು. ಅಕಾಲ ಮಳೆಯ ಮೋಡ ಕಂಡರೆ ಮನೆಮಂದಿಯೆಲ್ಲ ಬಾಚಿ ಒಳಗೆ ಹಾಕಲು ಓಡುತ್ತಾರೆ. ಆಗ ನೆಂಟರಿಗೂ ಒಂದು ಬುಟ್ಟಿ ಸಿಗುತ್ತದೆ.