ಮೂಲೆಯಲ್ಲಿದ್ದ ಒಂದು ಸಾಲು

ಧನುರ್ಮಾಸ ಮುಗಿದಿತ್ತು. ಸಂಕ್ರಾಂತಿಯ ಎಳ್ಳು ಬೆಲ್ಲ ಇನ್ನೂ ಗಲ್ಲಾದ ಪಕ್ಕದ ಡಬ್ಬಿಯಲ್ಲಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಮೈಸೂರಿನ ಶಿವರಾಂಪೇಟೆಯ ನನ್ನ ಪ್ರೆಸ್ಸಿಗೆ ಹಳೆಯ ಗಿರಾಕಿಯೊಬ್ಬರು ಬಂದರು. ಗೃಹಪ್ರವೇಶ, ಮಗನ ಉಪನಯನ, ತಾಯಿಯವರ ವೈಕುಂಠ ಸಮಾರಾಧನೆ, ಹೀಗೆ ಆ ಮನೆಯ ಸುಖದುಃಖವೆಲ್ಲ ನಮ್ಮಲ್ಲೇ ಅಚ್ಚಾಗಿದೆ. 2011ರಲ್ಲಿ ದೊಡ್ಡ ಮಗಳ ಮದುವೆಗೆ ಏಳುನೂರು ಲಗ್ನಪತ್ರಿಕೆ ಹಾಕಿಸಿ, ಸಾಲದೆ ಮತ್ತೆ ನೂರು ಹಾಕಿಸಿಕೊಂಡು ಹೋಗಿದ್ದರು. ಈಗ ಚಿಕ್ಕವಳ ಮದುವೆ. ನಾನು ಕಾರ್ಡುಗಳ ಆಲ್ಬಂ ತೆಗೆಯುವಷ್ಟರಲ್ಲಿ, "ಐವತ್ತು ಸಾಕು ಸ್ವಾಮಿ" ಎಂದರು. "ದೇವರ ಮುಂದಿಡುವುದಕ್ಕೆ, ಮನೆಯ ಹಿರಿಯರಿಗೆ, ಸೋದರಮಾವಂದಿರಿಗೆ. ಮಿಕ್ಕವರಿಗೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಕಳಿಸುತ್ತೇವೆ."

ದರ ಹೇಳಿದೆ. ಅವರ ಮುಖ ಸಣ್ಣಗಾಯಿತು. "ಕಡಿಮೆ ಹಾಕಿಸಿದರೆ ಬೆಲೆ ಹೆಚ್ಚೇ? ಇದೆಲ್ಲಿಯ ಲೆಕ್ಕ?"

ಅಚ್ಚಿನ ಲೆಕ್ಕ ಇರುವುದೇ ಹಾಗೆ. ಖಾಲಿ ಕಾರ್ಡು ಬೆಂಗಳೂರಿನ ಸುಲ್ತಾನಪೇಟೆಯಿಂದ ಬರುತ್ತದೆ, ಅದರ ಬೆಲೆ ಬೇರೆ. ಅದರ ಮೇಲೆ ಅಕ್ಷರ ಕೂರಿಸುವ ಕೂಲಿ ನಮ್ಮದು. ಐವತ್ತಾಗಲಿ ಐನೂರಾಗಲಿ, ಪ್ಲೇಟು ಒಂದೇ. ಶಾಯಿ ಹದಕ್ಕೆ ಬಂದು ಸಾಲು ನೆಟ್ಟಗೆ ಕೂರುವವರೆಗೆ ಕೆಡುವ ಕಾಗದ ಅಷ್ಟೇ, ಕೊನೆಗೆ ರೋಲರು ತೊಳೆಯುವ ಸೀಮೆಎಣ್ಣೆಯೂ ಅಷ್ಟೇ. ಐನೂರಕ್ಕೆ ಹಂಚಿದರೆ ಕಾರ್ಡಿಗೆ ಎರಡು ರೂಪಾಯಿ ಬೀಳುವ ಕೂಲಿ, ಐವತ್ತಕ್ಕೆ ಹಂಚಿದರೆ ಇಪ್ಪತ್ತಾಗುತ್ತದೆ. ಇಷ್ಟನ್ನೂ ವಿವರಿಸಿ ಕೊನೆಗೆ ಹದಿನಾರಕ್ಕೆ ಒಪ್ಪಿಕೊಂಡೆ. ವಿವರಿಸಲು ಹೋದರೆ ನಾನು ಚೌಕಾಸಿಯಲ್ಲಿ ಸೋಲುವುದು ಹೊಸದಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಸೋಪು, ಶಾಂಪೂ, ಬಿಸ್ಕತ್ತಿನ ತೆರಿಗೆ ಇಳಿಯಿತೆಂದು ಊರೆಲ್ಲ ಸಂತೋಷಪಟ್ಟಿತು. ನಾವು ಕೊಳ್ಳುವ ಕಾಗದದ್ದು ಶೇ 12ರಿಂದ 18ಕ್ಕೆ ಏರಿತ್ತು. ಇದನ್ನೂ ಅವರಿಗೆ ಹೇಳಬೇಕೆಂದುಕೊಂಡು ಸುಮ್ಮನಾದೆ. ಮಗಳ ಮದುವೆ ಮಾಡುವವರ ಮುಂದೆ ನನ್ನ ಗೋಳೇಕೆ?

ಒಕ್ಕಣೆಯನ್ನು ಮೊಬೈಲಿಗೆ ಕಳಿಸಿದ್ದರು. ಮೊಬೈಲಿನ ಕನ್ನಡ ಯೂನಿಕೋಡ್, ನನ್ನ ಹಳೆಯ ಕಂಪ್ಯೂಟರಿಗೆ ಗೊತ್ತಿರುವುದು 'ನುಡಿ' ತಂತ್ರಾಂಶದ ಹಳೆಯ ಅಕ್ಷರ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಎಲ್ಲೋ ಒಂದು ಅರ್ಕಾವತ್ತು ಜಾಗ ಬಿಟ್ಟಿರುತ್ತದೆ. ಈ ಸಲ ಅದು "ಆಶೀರ್ವದಿಸಬೇಕಾಗಿ" ಎಂಬಲ್ಲಿ ಒಂದು ಅಕ್ಷರ ಮುಂದೆ ಹೋಗಿ ಕೂತಿತ್ತು. ಹಿಂದೆ ಅಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದಾಗ ತಪ್ಪು ಕೈಗೇ ತಗಲುತ್ತಿತ್ತು, ಈಗ ಕಣ್ಣಿಗೆ ಬಿದ್ದರೆ ಉಂಟು. ಹೊಸ ತಂತ್ರಾಂಶ ಹಾಕಿಸು ಎಂದು ಮಗಳು ವರ್ಷದಿಂದ ಹೇಳುತ್ತಿದ್ದಾಳೆ. ಅದಕ್ಕೆ ತಿಂಗಳು ತಿಂಗಳು ಕಟ್ಟಬೇಕು. ಹಣ ಬಂತೆಂದು ಕೂಗುವ ಪೆಟ್ಟಿಗೆಗೂ ತಿಂಗಳಿಗೆ 125 ರೂಪಾಯಿ. ಅಪ್ಪನ ಟ್ರೆಡಲ್ ಅಚ್ಚುಯಂತ್ರ ಒಮ್ಮೆ ಅವರ ತೋರುಬೆರಳಿನ ತುದಿಯನ್ನೇ ತೆಗೆದುಕೊಂಡಿತ್ತು ನಿಜ, ಬಾಡಿಗೆಯನ್ನಂತೂ ಕೇಳಲಿಲ್ಲ.

ಆದರೆ ಐವತ್ತು ಎಂಬ ಮಾತು ನನ್ನನ್ನು ಚುಚ್ಚಿದ್ದು ಕೂಲಿಯ ಕಾರಣಕ್ಕಲ್ಲ. ಲಗ್ನಪತ್ರಿಕೆಯ ಬಲಬದಿಯ ಕೆಳಮೂಲೆಯನ್ನು ಗಮನಿಸಿದವರಿಗೆ ಗೊತ್ತಿರುತ್ತದೆ: ಸಾಸಿವೆ ಗಾತ್ರದ ಅಕ್ಷರದಲ್ಲಿ ಮುದ್ರಕರ ಹೆಸರು, ಊರು, ಫೋನ್ ನಂಬರು. ನಾನು ಇಷ್ಟು ವರ್ಷ ಮಾಡಿದ ಜಾಹೀರಾತು ಅದೊಂದೇ. ಏಳುನೂರು ಕಾರ್ಡೆಂದರೆ ಏಳುನೂರು ಮನೆಗೆ ನನ್ನ ಹೆಸರು ಹೋಯಿತು, ಅದೂ ಮತ್ತೊಬ್ಬರ ಖರ್ಚಿನಲ್ಲಿ. ಮದುವೆ ಕಾರ್ಡನ್ನು ಜನ ತಕ್ಷಣ ಎಸೆಯುವುದಿಲ್ಲ, ಗಣೇಶನ ಚಿತ್ರವಿರುತ್ತದಲ್ಲ; ದಿನಸಿ ಲೆಕ್ಕ ಬರೆಯಲಾದರೂ ಇಟ್ಟುಕೊಳ್ಳುತ್ತಾರೆ. ಚುನಾವಣೆಯ ಕರಪತ್ರವಾದರೆ ಮುದ್ರಕನ ಹೆಸರು, ವಿಳಾಸ ಇರಲೇಬೇಕು. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಹಾಗೆನ್ನುತ್ತದೆ. ಮದುವೆಗೆ ಅಂಥ ರಕ್ಷಣೆ ಇಲ್ಲ. ಆ ಸಾಲಿಗಾಗಿಯೇ ನಾನು ಅಂಗಡಿಯ ಸ್ಥಿರ ದೂರವಾಣಿಯನ್ನು ಉಳಿಸಿಕೊಂಡಿದ್ದೇನೆ. ಆರಂಕಿಯ ನಂಬರಿಗೆ ಮುಂದೆ 2 ಸೇರಿ ಏಳಂಕಿಯಾಯಿತು, ಹಳೆಯ ಕಾರ್ಡುಗಳಲ್ಲಿ ಅದೇ ಇದೆ. ವರ್ಷಕ್ಕೆ ನಾಲ್ಕು ಕರೆ ಬಂದರೆ ಹೆಚ್ಚು. ಬಿಲ್ಲು ಹನ್ನೆರಡು ತಿಂಗಳೂ ಬರುತ್ತದೆ. ಮಗಳು ಇದನ್ನು ದಂಡ ಎನ್ನುತ್ತಾಳೆ, ನಾನು ಪ್ರಚಾರದ ಖರ್ಚು ಎಂದು ಬರೆದುಕೊಳ್ಳುತ್ತೇನೆ.

ಅಂದೇ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಒಬ್ಬ ಯುವಕ ಬಂದ. ನಮ್ಮ ಬೀದಿಯ ಅಂಗಡಿಗಳನ್ನೆಲ್ಲ ಒಂದೊಂದಾಗಿ ಹತ್ತಿ ಇಳಿಯುತ್ತಿದ್ದ. "ಅಂತರ್ಜಾಲದಲ್ಲಿ ನೀವು ಎಲ್ಲೂ ಇಲ್ಲ ಸರ್. ತಿಂಗಳಿಗೆ ಎಂಟು ಸಾವಿರ ಕೊಡಿ, ಹನ್ನೆರಡು ರೀಲ್ಸ್ ಮಾಡಿಕೊಡುತ್ತೇವೆ." ಕೂರಿಸಿ ಮಜ್ಜಿಗೆ ಕೊಟ್ಟೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಸಂಸ್ಥೆಗೆ ಮೂರು ತಿಂಗಳು ದುಡ್ಡು ಕಟ್ಟಿದ್ದೆ. ಯಂತ್ರದಿಂದ ಕಾರ್ಡು ಹೊರಬರುವ ವಿಡಿಯೊಗೆ ಎಲ್ಲೆಲ್ಲಿಂದಲೋ ಲೈಕು ಬಂದವು. ಬಂದ ಕರೆ ಒಂದೇ, ಕೆಲಸ ಖಾಲಿ ಇದೆಯೇ ಎಂದು. ಅದನ್ನು ಹೇಳಿದಾಗ ಹುಡುಗ, "ಲೈಕು ಬಂದವಲ್ಲ ಸರ್" ಎಂದ. ಮಗಳು ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು ಸೇರಿಸಿದ್ದಕ್ಕೆ ಒಂದು ಪೈಸೆ ಖರ್ಚಾಗಿಲ್ಲ. ಅದನ್ನು ನೋಡಿ ದಿನಕ್ಕೊಬ್ಬರಾದರೂ ಹುಡುಕಿಕೊಂಡು ಬರುತ್ತಾರೆ, ಬಂದು ಜೆರಾಕ್ಸ್ ಇದೆಯೇ ಎಂದು ಕೇಳುತ್ತಾರೆ.

ಐವತ್ತು ಕಾರ್ಡು ತಯಾರಾದ ದಿನ ಗಿರಾಕಿಯ ತಮ್ಮನ ಮಗ ಬಂದು, "ಅಂಕಲ್, ಮೊಬೈಲಿಗೆ ಕಳಿಸಲು ಒಂದು ಪಿಡಿಎಫ್ ಕೊಟ್ಟುಬಿಡಿ" ಎಂದ. ಅದಕ್ಕೇನು ದರ ಹೇಳಲಿ? ಕಾಗದವಿಲ್ಲ, ಶಾಯಿಯಿಲ್ಲ. ಹಾಗೇ ಕೊಟ್ಟೆ. ಐವತ್ತು ಮನೆಗೆ ಹೋಗುವ ಸಾಲು ಮೊಬೈಲಿನಲ್ಲಿ ಸಾವಿರ ಜನಕ್ಕೆ ಹೋಗುತ್ತದೆಂದು ಒಳಗೊಳಗೇ ಖುಷಿಯೂ ಆಯಿತು.

ಮೂರನೆಯ ದಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಅದೇ ಕಾರ್ಡು ಬಂತು. ಬೆರಳಿನಿಂದ ಹಿಗ್ಗಿಸಿ ಕೆಳಕ್ಕೆ ಜರುಗಿಸಿದೆ. "ತಮ್ಮ ಸುಖಾಗಮನ ಬಯಸುವವರು" ಇತ್ತು, ಹೆಸರುಗಳಿದ್ದವು, ಅಲ್ಲಿಗೆ ಚಿತ್ರವೇ ಮುಗಿದಿತ್ತು. ಹುಡುಗ ಅಂಚು ಒಪ್ಪವಾಗಿರಲೆಂದು ಕೆಳಗಿನ ಅರ್ಧ ಇಂಚು ಕತ್ತರಿಸಿದ್ದ. ನನ್ನ ಸಾಲಿನ ಜೊತೆಗೆ ಬಾಳೆಕಂದಿನ ಬುಡವೂ ಹೋಗಿತ್ತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಬೀಳುತ್ತಿರುವ ಅಳಿಸಲಾಗದ ಶಾಯಿ ನಮ್ಮೂರಿನ ಬಣ್ಣದ ಕಾರ್ಖಾನೆ ಮೈಲ್ಯಾಕ್‌ನದು. ಅದೇ ಊರಿನ ಮುದ್ರಕನ ಹೆಸರು ಒಂದು ಬೆರಳಿನ ಎಳೆತಕ್ಕೆ ಅಳಿದಿತ್ತು. ಗುಂಪಿನಲ್ಲಿ "ಶುಭವಾಗಲಿ" ಎಂದು ಬರೆದೆ. ಇನ್ನೇನು ಬರೆಯುವುದು?

ಆ ಭಾನುವಾರ ಗಿರಾಕಿ ಹೆಂಡತಿಯೊಡನೆ ನಮ್ಮ ಮನೆಗೇ ಬಂದರು. ಆಕೆ ನನ್ನ ಹೆಂಡತಿಗೆ ಕುಂಕುಮ ಕೊಟ್ಟರು. ಇವರು ಎರಡು ಕಾಳು ಅಕ್ಷತೆ ಇಟ್ಟ ಪತ್ರಿಕೆಯನ್ನು ನನ್ನ ಕೈಗಿತ್ತು, "ಮನೆಮಂದಿಯೆಲ್ಲ ಬರಬೇಕು, ಊಟ ಮಾಡಿಕೊಂಡೇ ಹೋಗಬೇಕು" ಎಂದರು. ಐವತ್ತರಲ್ಲಿ ಒಂದು ನನಗೂ ಇತ್ತು. ಅವರು ಹೋದ ಮೇಲೆ ತಿರುಗಿಸಿ ನೋಡಿದೆ. ಶಾಸ್ತ್ರದಂತೆ ನಾಲ್ಕು ಮೂಲೆಗೂ ಧಾರಾಳವಾಗಿ ಅರಿಶಿನ ಹಚ್ಚಿದ್ದರು. ಬಲಗಡೆಯ ಕೆಳಮೂಲೆಯಲ್ಲಿ ನನ್ನ ನಂಬರಿನ ಕೊನೆಯ ಮೂರು ಅಂಕಿ ಮಾತ್ರ ಕಾಣುತ್ತಿದ್ದವು.

ಸೋಮವಾರ ಒಂದು ನಾಮಕರಣದ ಪತ್ರಿಕೆ ಕೆಲಸಕ್ಕೆ ಬಂತು. ಸಾಲನ್ನು ಮೂಲೆಯಿಂದ ಎಬ್ಬಿಸಿ ಒಂದಿಂಚು ಮೇಲಕ್ಕೆ, ಊಟದ ಸಮಯದ ಪಕ್ಕಕ್ಕೆ ತಂದು ಕೂರಿಸಿದ್ದೇನೆ. ಅದನ್ನು ಯಾರೂ ಕತ್ತರಿಸುವುದಿಲ್ಲ.