ಟಕ್ ಅಂದರೆ ಸಾಕಾ?

ಹೋದ ಜನವರಿಯ ಒಂದು ಭಾನುವಾರ. ಒಹಾಯೊದ ಚಳಿ. ಗ್ಯಾರೇಜಿನ ಬಾಗಿಲು ಎಳೆದುಕೊಂಡು ನನ್ನ ಸ್ಯಾವೇಜ್ 110 ರೈಫಲ್ಲಿನ ಬ್ಯಾರಲ್ ಬದಲಾಯಿಸಲು ಕೂತೆ. ಹಳೇದು ಸವೆದುಹೋಗಿತ್ತು. ಟಾರ್ಗೆಟ್ ಹಾಳೆಯ ಮೇಲೆ ಗುಂಡುಗಳು ಕೋಳಿಗೆ ಎರಚಿದ ಅಕ್ಕಿಯ ಹಾಗೆ ಬೀಳುತ್ತಿದ್ದವು.

ನಮ್ಮೂರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಮಂಗ ಓಡಿಸೋಕೆ ಅಜ್ಜನ ಒಂದು ಕೋವಿ ಇತ್ತು. ಅದರ ರಿಪೇರಿ ಅಂದರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುವುದು, ಅಷ್ಟೇ. ಬ್ಯಾರಲ್ ಬಿಚ್ಚಿ ಬೇರೆ ಹಾಕಬಹುದು ಅನ್ನೋದೇ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಗಿದ್ದು.

ಸ್ಯಾವೇಜ್ 110 ಬಂದಿದ್ದು 1958ರಲ್ಲಿ. ಇದರ ಬ್ಯಾರಲ್ಲಿಗೆ ಒಂದು ಲಾಕ್ ನಟ್ಟು ಇದೆ. ರೆಮಿಂಗ್ಟನ್ 700ರಲ್ಲಿ ಬ್ಯಾರಲ್ಲಿಗೇ ಒಂದು ಮೆಟ್ಟಿಲು ಇರುತ್ತದೆ, ಅದು ಆಕ್ಷನ್ನಿಗೆ (ಬ್ಯಾರಲ್ ಕೂರುವ ಹಿಂದಿನ ಭಾಗಕ್ಕೆ) ಒತ್ತಿ ನಿಲ್ಲಬೇಕು. ಅಳತೆ ಸರಿಮಾಡೋಕೆ ಲೇತ್ ಬೇಕು. ಇಲ್ಲಿ ಹಾಗಲ್ಲ. ಬ್ಯಾರಲ್ ತಿರುಗಿಸಿ, ಗೇಜ್ (ತೋಟಾದ ಆಕಾರದ ಅಳತೆ ತುಂಡು) ಇಟ್ಟು ನೋಡಿ, ನಟ್ಟು ಬಿಗಿ ಮಾಡಿದರೆ ಆಯ್ತು.

ಎಷ್ಟು ಬಿಗಿ ಅನ್ನೋದೇ ಜಗಳ. ರೇಂಜಿನಲ್ಲಿ ಒಬ್ಬ 40 ಅಡಿ-ಪೌಂಡ್ (ತಿರುಗಿಸುವ ಬಲದ ಅಳತೆ) ಅಂದ, ಪಕ್ಕದವನು 100 ಅಂದ. ಎಆರ್-15 ಅನ್ನೋ ಇನ್ನೊಂದು ರೈಫಲ್ಲಿನ ಬ್ಯಾರಲ್ ನಟ್ಟಿಗೆ 30ರಿಂದ 80 ಅಂತ ಇದೆ. ಅಷ್ಟು ದೊಡ್ಡ ಅಂತರ ಯಾಕೆ ಅಂದರೆ, ಗ್ಯಾಸ್ ಟ್ಯೂಬ್ ತೂರುವ ಕಿಂಡಿ ನೇರಕ್ಕೆ ಬರುವ ತನಕ ತಿರುಗಿಸಬೇಕು. ಬೆಂಚ್‌ರೆಸ್ಟ್ (ರೈಫಲ್ಲನ್ನು ಮೇಜಿನ ಮೇಲಿಟ್ಟು ಗುರಿ ಹೊಡೆಯುವ ಆಟ) ಆಡುವವರಲ್ಲಿ ಕೆಲವರು ಕೈಬಿಗಿಗಿಂತ ಸ್ವಲ್ಪ ಜಾಸ್ತಿ ಸಾಕು ಅನ್ನುತ್ತಾರೆ. ಅದಕ್ಕೂ ಅರ್ಥವಿದೆ. ಬ್ಯಾರಲ್ ಒಳಗಿನ ಗೆರೆಗಳನ್ನು ಬಲಕ್ಕೆ ಸುತ್ತಿದ ರೈಫ್ಲಿಂಗ್‌ನಲ್ಲಿ ಗುಂಡು ಬಲಕ್ಕೆ ತಿರುಗುತ್ತಾ ಹೋದರೆ ಬ್ಯಾರಲ್ ಉಲ್ಟಾ ತಿರುಗಲು ನೋಡುತ್ತದೆ. ಮೆಟ್ಟಿಲಿರುವ ಬ್ಯಾರಲ್ಲಿಗೆ ಅದು ಬಿಗಿಯಾಗುವ ದಿಕ್ಕು. ಲಾಕ್ ನಟ್ಟಿನ ರೈಫಲ್ಲಿಗೆ ಈ ಪುಣ್ಯ ಇಲ್ಲ.

ನಾನು ಟಾರ್ಕ್ ರೆಂಚನ್ನು (ಇಟ್ಟಷ್ಟು ಬಿಗಿ ಬಂದಾಗ ಟಕ್ ಅನ್ನುವ ರೆಂಚು) 50ಕ್ಕೆ ಇಟ್ಟುಕೊಂಡೆ. ಆದರೆ ಆ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆ ಕಾರಣ ಪೀಣ್ಯದಲ್ಲಿ ನನಗೆ ಕೆಲಸ ಕಲಿಸಿದ ಫೋರ್‌ಮನ್. "ಮುಳ್ಳು ಆಮೇಲೆ ನೋಡೋ, ಮೊದ್ಲು ಥ್ರೆಡ್ ನೋಡು" ಅಂತ ಬೈಯುತ್ತಿದ್ದರು. ನಾವು ಹಾಕುವ ಬಲದಲ್ಲಿ ನೂರಕ್ಕೆ ತೊಂಬತ್ತು ಪಾಲು ಉಜ್ಜಾಟಕ್ಕೇ ಹೋಗುತ್ತದೆ. ನಿಜವಾಗಿ ಎಳೆದು ಹಿಡಿಯೋದು ಉಳಿದ ಹತ್ತು ಪಾಲು. ಒಣ ಥ್ರೆಡ್ಡಿನಲ್ಲಿ 50ಕ್ಕೆ ಟಕ್ ಅಂದಿದ್ದೂ, ಗ್ರೀಸ್ ಹಚ್ಚಿದ ಮೇಲೆ 50ಕ್ಕೆ ಟಕ್ ಅಂದಿದ್ದೂ ಒಂದೇ ಬಿಗಿ ಅಲ್ಲ. ಗ್ರೀಸ್ ಇದ್ದರೆ ಹಿಡಿತ ಜಾಸ್ತಿ. ಅದೂ ಅಲ್ಲದೆ ಸ್ಟೇನ್‌ಲೆಸ್ ಸ್ಟೀಲ್ ಒಣಗಿದ್ದರೆ ಕಚ್ಚಿಕೊಂಡುಬಿಡುತ್ತದೆ, ಮುಂದಿನ ಸಲ ಬಿಚ್ಚೋಕೆ ಬರಲ್ಲ.

ಹಾಗಾಗಿ ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಥ್ರೆಡ್ ತಿಕ್ಕಿ, ಕಚ್ಚಿಕೊಳ್ಳದಂತೆ ತೆಳ್ಳಗೆ ಆ್ಯಂಟಿ-ಸೀಜ್ ಹಚ್ಚಿದೆ. ಗೋ ಗೇಜ್ (ಇದರ ಮೇಲೆ ಬೋಲ್ಟ್ ಮುಚ್ಚಲೇಬೇಕು) ಒಳಗಿಟ್ಟು ಬೋಲ್ಟ್ ಮುಚ್ಚಿ, ಬ್ಯಾರಲ್ ಅದಕ್ಕೆ ತಾಗುವವರೆಗೆ ತಿರುಗಿಸಿದೆ. (ರೈಫಲ್ಲಿನಲ್ಲಿ ಬೋಲ್ಟ್ ಅಂದರೆ ಹಿಂದಿನಿಂದ ತೋಟಾ ತಳ್ಳಿ ಬೀಗ ಹಾಕುವ ಭಾಗ. ನಟ್ಟಿನ ಜೊತೆಗಾರ ಅಲ್ಲ.) ನಟ್ಟು ಎಳೆದೆ. ಟಕ್. ಖುಷಿಯಾಯ್ತು.

ಬೋಲ್ಟ್ ತೆಗೆದು ಮತ್ತೆ ಮುಚ್ಚಲು ಹೋದರೆ ಗೋ ಗೇಜ್ ಮೇಲೆ ಮುಚ್ಚುತ್ತಲೇ ಇಲ್ಲ!

ತಪ್ಪು ನನ್ನದೇ. ಆಕ್ಷನ್ ಮಾತ್ರ ಹಿಡಿದಿದ್ದೆ, ಬ್ಯಾರಲ್ ಸುಮ್ನೆ ಬಿಟ್ಟಿದ್ದೆ. ನಟ್ಟು ತಿರುಗುವಾಗ ಬ್ಯಾರಲ್ಲನ್ನೂ ಜೊತೆಗೆ ಒಳಗೆ ಎಳೆದುಕೊಂಡು ಹೋಗಿದೆ. .308 ತೋಟಾಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ (ಇದರ ಮೇಲೆ ಬೋಲ್ಟ್ ಮುಚ್ಚಬಾರದು) 1.634. ನಡುವೆ ಬರೀ ನಾಲ್ಕು ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು), ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಈ ಬ್ಯಾರಲ್ಲಿನಲ್ಲಿ ಇಂಚಿಗೆ 20 ಥ್ರೆಡ್, ಅಂದರೆ ಒಂದು ಸುತ್ತಿಗೆ 50 ಥೌ. ಸುತ್ತಿನ ಹನ್ನೆರಡನೇ ಒಂದು ಭಾಗ ಆಚೀಚೆ ಆದರೆ ಮುಗೀತು. ಬಿಗಿ ಎಷ್ಟು ಅಂತ ತಲೆಕೆಡಿಸಿಕೊಂಡವನು ಈ ಲೆಕ್ಕ ಮರೆತಿದ್ದೆ.

ಬಿಚ್ಚಿ, ಬ್ಯಾರಲ್ಲನ್ನು ವೈಸಿಗೆ ಹಾಕಿದೆ. ಅಲ್ಲೂ ಜಾರಿತು. ಪಕ್ಕದ ಮನೆಯ ಮುದುಕ ರಾಳದ ಪುಡಿ ತಂದು ಉದುರಿಸಿದ ಮೇಲೆ ಕಚ್ಚಿ ನಿಂತಿತು. ಆಕ್ಷನ್ ಅಲುಗದಂತೆ ಅವನೇ ಹಿಡಿದುಕೊಂಡ. ನಟ್ಟಿನ ರೆಂಚನ್ನು ಟಾರ್ಕ್ ರೆಂಚಿಗೆ ಲಂಬವಾಗಿ ಇಟ್ಟೆ. ನೇರಕ್ಕೆ ಇಟ್ಟರೆ ಉದ್ದ ಜಾಸ್ತಿಯಾಗಿ ಅಂಕಿ ಸುಳ್ಳು ಹೇಳುತ್ತದೆ. ಮತ್ತೆ ಟಕ್. ಈ ಸಲ ಗೋ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಿತು, ನೋ-ಗೋ ಮೇಲೆ ಮುಚ್ಚಲಿಲ್ಲ. ನೋ-ಗೋ ಮೇಲೂ ಮುಚ್ಚಿದ್ದರೆ ಅದರಲ್ಲಿ ಒಂದು ಗುಂಡನ್ನೂ ಹಾರಿಸುತ್ತಿರಲಿಲ್ಲ.

ಪೀಣ್ಯದಲ್ಲಿ ಬಿಗಿ ಮಾಡಿದ ಪ್ರತಿ ನಟ್ಟಿಗೂ ಹಳದಿ ಪೇಂಟಿನ ಗೆರೆ ಎಳೆಯುತ್ತಿದ್ದೆವು. ಸಡಿಲವಾದರೆ ಗೆರೆ ಮುರಿದಂತೆ ಕಾಣುತ್ತದೆ. ಇಲ್ಲಿ ಮಗಳ ಕೆಂಪು ನೇಲ್ ಪಾಲಿಶ್ ಸಿಕ್ಕಿತು. ನಟ್ಟಿನಿಂದ ಬ್ಯಾರಲ್ಲಿಗೆ ಒಂದು ಗೆರೆ, ಆಕ್ಷನ್ನಿಗೆ ಇನ್ನೊಂದು. 120 ಗುಂಡು ಹಾರಿಸಿದ ಮೇಲೂ ಎರಡೂ ಕದಲಿಲ್ಲ. ಮಗಳು ಬಾಟಲಿ ಹುಡುಕುತ್ತಿದ್ದಾಳೆ, ನಾನಿನ್ನೂ ಬಾಯಿ ಬಿಟ್ಟಿಲ್ಲ.